ಶೀತ ಮರುಭೂಮಿಯಲ್ಲಿ ಒಂದು ದಿನದ ನಡಿಗೆ

ಮರುಭೂಮಿಯೆಂದೊಡನೆ ಮರಳು, ಬಿಸಿಲು, ಒಂಟೆ ಇವು ಮೂರೇ ನಮ್ಮ ಕಣ್ಣ ಮುಂದೆ ನಿಲ್ಲುವುವು. ಆದರೆ ಹಿಮಾಲಯದ ಬೆನ್ನಿಗಿರುವ ಲಡಾಖ್ ಪ್ರಾಂತವೂ ಒಂದು ಮರುಭೂಮಿಯೆ. ದಕ್ಷಿಣದಿಂದ ಬರುವ ಮಳೆಯ ಮೋಡಗಳು ಆ ಮಹಾಪರ್ವತದ ಗೋಡೆಗೆ ತಾಗಿ ತಮ್ಮ ಭಾರವನ್ನು ಈಚೆಯ ಇಳಿಜಾರಿನಲ್ಲಿಯೇ ಕಳೆದುಕೊಳ್ಳುವುವು. ಆದುದರಿಂದ ಆಚೆಯಿರುವ ಲೇಹ್ ಪಟ್ಟಣಕ್ಕೆ ವರ್ಷವೊಂದಕ್ಕೆ ದೊರೆಯುವ ಮಳೆ ಸುಮಾರು 10 ಸೆಂಟಿಮೀಟರು ಮಾತ್ರ. ಅಲ್ಲಿ ಹಸುರೆಂಬುದಿದ್ದರೆ ಅದು ಹಿಮ ಕರಗಿದ ನೀರಿನ ಪ್ರಸಾದ.

ನಾವೂ, ನಮ್ಮ ಮನೆಯವರೂ, ಮಗಳೂ ಜುಲೈ ತಿಂಗಳೊಂದರಲ್ಲಿ ಆ ನಾಡಿಗೆ ಹೋಗಿದ್ದೆವು. ಲೇಹ್ ಪಟ್ಟಣವೇ ಸುಮಾರು 3,500 ಮೀಟರು ಎತ್ತರದಲ್ಲಿದೆ. ನಮ್ಮ ನಾಡಿನ ಅತ್ಯುನ್ನತ ಶಿಖರವೆನಿಸಿದ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರು ಎಂಬುದನ್ನು ನೆನೆದರೆ ಇದರ ಮಹತ್ತು ವಾಚಕರಿಗೆ ತಿಳಿದೀತು. ವೈದ್ಯರ ಮಾತಿನಂತೆ ಮೊದಲ ಎರಡು ದಿನ ಎಲ್ಲಿಗೂ ಹೋಗದೆ ವಿಶ್ರಮಿಸಿ, ಮೂರನೆಯ ದಿನ ರುಂಬಕ್ ಎಂಬ ಹಳ್ಳಿಗೆ ನಡೆದುಹೋಗಿ ಸಂಜೆಯೊಳಗಾಗಿ ಹಿಂದಿರುಗುವುದೆಂದು ನಿಶ್ಚಯಿಸಿದೆವು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಲುಗಳನ್ನು ಕೂರದೆ ಏರುವವರೆಂಬ ಸಣ್ಣದೊಂದು ಗರ್ವ ನಮಗೆ ಇದ್ದಿತು. ಅದನ್ನು ಇಲ್ಲಿಯೇ ಒಪ್ಪಿಕೊಳ್ಳುವುದು ಮೇಲು.

ಜಿಂಗ್ಚೆನ್ ಎಂಬಲ್ಲಿ ಮೋಟಾರಿನಿಂದಿಳಿದು ಬೆಳಗಿನ ತಂಪಿನಲ್ಲಿಯೇ ಹೊರಟೆವು. ರುಂಬಕ್ಕಿನವನೇ ಆದ ಒಬ್ಬ ತರುಣನು ದಾರಿ ತೋರಿಸಲು ಜೊತೆಯಲ್ಲಿದ್ದನು. ಇಕ್ಕಟ್ಟಾದ ಕಂದರದ ನಡುವೆ ತೊರೆಯೊಂದು ಹರಿಯುತ್ತದೆ. ಹಾದಿ ಅದರ ಮಗ್ಗುಲಿನಲ್ಲಿಯೇ ಏರುತ್ತದೆ. ತೊರೆಯ ಅಂಚಿಗೆ ಕಾಡುಗುಲಾಬಿಯ ಪೊದೆಗಳು. ಅಲ್ಲಿಂದ ಹತ್ತು ಹೆಜ್ಜೆ ಆಚೆಗೆ ಹುಲ್ಲುಕಡ್ಡಿಯೂ ಇಲ್ಲದ ಬೆತ್ತಲೆ ಬಂಡೆ. ಬಂಡೆಗಳಾದರೋ ನೇರಿಳೆ, ಕೆಂಪು, ಬೂದಿ ಎಂದು ನಾನಾ ವರ್ಣದವು. ಬಿಸಿಲಿನಲ್ಲಿ ನಿಂತರೆ ಚರ್ಮ ಸುಡುವುದು. ಎರಡು ಮಾರು ಸರಿದು ನೆರಳಿಗೆ ಬಂದರೆ ಮೈ ನಡುಗುವುದು. ಒಂದೆಡೆ ತೊರೆಯನ್ನು ಕಲ್ಲಿನಿಂದ ಕಲ್ಲಿಗೆ ಹೆಜ್ಜೆಯಿಟ್ಟು ದಾಟಿದೆವು. ನೀರು ಪಾದವನ್ನೂ ನೆನೆಸಲಿಲ್ಲ.

ಸುಮಾರು 4,000 ಮೀಟರು ಎತ್ತರದಲ್ಲಿರುವ ರುಂಬಕ್ಕನ್ನು ಹನ್ನೊಂದು ಗಂಟೆಯ ವೇಳೆಗೆ ಸೇರಿದೆವು. ಕೆಲವೇ ಮನೆಗಳು, ಜವೆಗೋಧಿಯ ಹೊಲಗಳು, ಅವಕ್ಕೆ ನೀರುಣಿಸುವ ಸಣ್ಣ ಕಾಲುವೆಗಳು, ಊರೆಂದರೆ ಇಷ್ಟೆ. “ಜೂಲೆ” ಎಂದು ನಗುತ್ತ ಬರಮಾಡಿಕೊಂಡ ವೃದ್ಧೆಯೊಬ್ಬಳು ಉಪ್ಪು ಬೆಣ್ಣೆ ಕಡೆದ ಚಹವನ್ನೂ, ಹುರಿದ ಜವೆಗೋಧಿಯ ಹಿಟ್ಟನ್ನೂ ತಂದಿಟ್ಟಳು. ಅದು ನಮ್ಮ ಹುರಿಹಿಟ್ಟಿನ ದಾಯಾದಿಯೆ ಸರಿ. ಈ ಪ್ರದೇಶವು 1981ರಲ್ಲಿ ಸ್ಥಾಪಿತವಾದ ಹೇಮಿಸ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದುದು; ಹಿಮಚಿರತೆಯ ನೆಲೆ. ಹಟ್ಟಿಗೆ ನುಗ್ಗಿದ ಚಿರತೆ ಒಂದೇ ರಾತ್ರಿಯಲ್ಲಿ ಹಲವು ಕುರಿಗಳನ್ನು ಕೊಲ್ಲುವುದುಂಟು. ಹಿಂದೆ ಹಳ್ಳಿಗರಿಗೆ ಅದು ಶತ್ರುವಾಗಿದ್ದಿತು. ಈಗ ಅದನ್ನು ನೋಡಬೇಕೆಂದು ಬರುವವರನ್ನು ಮನೆಯಲ್ಲಿಯೇ ಇಳಿಸಿಕೊಂಡು ನಾಲ್ಕು ಕಾಸು ಕಾಣುವುದರಿಂದ ಆ ದ್ವೇಷವು ಬಹುಮಟ್ಟಿಗೆ ಇಳಿದಿದೆಯೆಂದು ತರುಣನು ಹೇಳಿದನು.

ಹನ್ನೆರಡು ಹೊಡೆಯುವುದರೊಳಗೆ ಇಳಿಯತೊಡಗಬೇಕೆಂಬುದು ಅವನ ಮಾತು. ನಮಗೆ ಅದು ರುಚಿಸಲಿಲ್ಲ. ಊರಿನ ಮೇಲುಗಡೆಯಿಂದ ಸ್ತೋಕ್ ಲಾ ಎಂಬ ಘಟ್ಟದ ದಾರಿ ಹೊರಡುತ್ತದೆ. ಘಟ್ಟದ ನೆತ್ತಿ 4,800 ಮೀಟರಿಗೂ ಮೇಲೆ. ನೆತ್ತಿಗಲ್ಲದಿದ್ದರೂ ಒಂದಿಷ್ಟು ದೂರವಾದರೂ ಏರಿ ನೋಡೋಣವೆಂದು ಹಟ ಹಿಡಿದೆವು. ನಿಜವಾಗಿ ಊರನ್ನು ಸೇರುವ ಮೊದಲೇ ನಮ್ಮ ತಲೆ ಸಿಡಿಯತೊಡಗಿದ್ದಿತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಮುಕ್ಕಾಲು ಗಂಟೆ ಏರಿರಬಹುದು. ಮಗಳು ಏನೋ ಕೇಳಿದಳು. ನಾವು ಕೊಟ್ಟ ಉತ್ತರ ಬೇರೆ ಯಾವುದೋ ಪ್ರಶ್ನೆಗಾಗಿದ್ದಿತು. ತತ್‌ಕ್ಷಣವೇ ನಮ್ಮ ಮನೆಯವರು ದಾರಿಯ ಪಕ್ಕದ ಕಲ್ಲಿನ ಮೇಲೆ ಕುಳಿತುಬಿಟ್ಟರು.

“ನೋಡಿ, ನನ್ನ ಕೈಲಿ ಇನ್ನೊಂದು ಹೆಜ್ಜೆಯೂ ಆಗುವುದಿಲ್ಲ. ನೀವು ಏನಾದರೂ ಅನ್ನಿ, ನಾನು ಇಳಿಯುತ್ತೇನೆ” ಎಂದರು.

“ಇಷ್ಟಕ್ಕೇ ಸೋತೆಯಾ?” ಎಂದು ನಾವು ನಕ್ಕೆವು. ಒಳಗೊಳಗೆ ಸಂತೋಷವೇ ಆಯಿತು. ಸೋಲು ಅವರದಾಯಿತಲ್ಲ! ಎಲ್ಲರೂ ಇಳಿದೆವು.

ಬೆಳಿಗ್ಗೆ ದಾಟಿದ್ದ ತೊರೆಯ ಬಳಿಗೆ ಬಂದಾಗ ಎದೆ ಝಲ್ಲೆಂದಿತು. ಕಾಲಿಟ್ಟಿದ್ದ ಕಲ್ಲುಗಳೊಂದೂ ಕಾಣಿಸದು. ಕೆಸರು ಬಣ್ಣದ ನೀರು ಮೊಳಕಾಲೆತ್ತರಕ್ಕೆ ಭೋರಿಡುತ್ತಿದ್ದಿತು. ಮಳೆಯ ಹನಿಯೂ ಬಿದ್ದಿರಲಿಲ್ಲ. ರಾತ್ರಿಯ ಚಳಿಗೆ ಹೆಪ್ಪುಗಟ್ಟಿದ ಹಿಮವು ಹಗಲಿನ ಬಿಸಿಲಿಗೆ ಕರಗಿ, ಮಧ್ಯಾಹ್ನ ಕಳೆದ ಮೇಲೆ ಕೆಳಗಣ ತೊರೆಗಳನ್ನು ತುಂಬುವುದು ಅಲ್ಲಿಯ ನಿತ್ಯಕ್ರಮ. ತರುಣನು ಹನ್ನೆರಡು ಗಂಟೆಯೆಂದು ಹೇಳಿದ್ದರ ಅರ್ಥ ಆಗ ತಿಳಿಯಿತು. ಒಬ್ಬರ ತೋಳನ್ನೊಬ್ಬರು ಬಿಗಿದು ಹಿಡಿದು, ಪ್ರವಾಹಕ್ಕೆ ಮುಖಮಾಡಿ, ಅಡ್ಡಡ್ಡಲಾಗಿ ಹೆಜ್ಜೆಯಿಟ್ಟು ದಾಟಿದೆವು. ನಡುವೆ ನಮ್ಮ ಕಾಲು ಜಾರಿತು. ಎತ್ತಿ ನಿಲ್ಲಿಸಿದವರು, ಒಂದು ಹೆಜ್ಜೆಯೂ ಆಗದೆಂದಿದ್ದ ನಮ್ಮ ಮನೆಯವರೆ. ಇನ್ನೊಂದು ಗಂಟೆ ಮೇಲೆಯೇ ಉಳಿದಿದ್ದರೆ ಆ ನೀರು ಎಷ್ಟಾಗಿರುತ್ತಿದ್ದಿತೋ, ನಮ್ಮ ತಲೆ ಏನಾಗಿರುತ್ತಿದ್ದಿತೋ ಊಹಿಸಲು ಈಗಲೂ ಮನಸ್ಸು ಬಾರದು.

ಅಷ್ಟು ಎತ್ತರದಲ್ಲಿ ಉಸಿರಿಗೊದಗುವ ಪ್ರಾಣವಾಯು ಸಮುದ್ರತೀರದಲ್ಲಿರುವುದರ ಐದರಲ್ಲಿ ಮೂರು ಪಾಲಿನಷ್ಟು ಮಾತ್ರ. ತಲೆನೋವು, ಓಕರಿಕೆ, ತೂರಾಟ ಇವು ದೇಹವು ಕಳಿಸುವ ಓಲೆಗಳು. ಅವನ್ನು ಬಚ್ಚಿಟ್ಟು ಮೇಲಕ್ಕೇರಿದವರ ಶ್ವಾಸಕೋಶದಲ್ಲಿಯೋ ಮಿದುಳಿನಲ್ಲಿಯೋ ನೀರು ತುಂಬಿ ಪ್ರಾಣಕ್ಕೇ ಎರವಾಗುವುದುಂಟು. ಕೆಳಕ್ಕೆ ಇಳಿಯುವುದೇ ಇದಕ್ಕೆ ಮುಖ್ಯ ಔಷಧ. ದೇಹದ ಬಲಕ್ಕೂ ಈ ಬೇನೆಗೂ ಸಂಬಂಧವಿಲ್ಲ. ಜಟ್ಟಿಯನ್ನೂ ಅದು ಬಿಡದು.

ರಾತ್ರಿ ಊಟವಾದ ಮೇಲೆ ತಲೆ ಹಗುರಾಗಿದ್ದಿತು. “ನಿನ್ನ ಕಾಲುನೋವು ಹೇಗಿದೆ?” ಎಂದು ಕೇಳಿದೆವು.

“ನನಗೆಲ್ಲಿಯ ಕಾಲುನೋವು? ನಿಮ್ಮ ತುಟಿ ನೀಲಿಗಟ್ಟಿದ್ದಿತು. ತಿರುಗಿ ಹೋಗೋಣ ಎಂದರೆ ನೀವು ಕೇಳುತ್ತಿದ್ದಿರೇನು?” ಎಂದು ಹೇಳಿ ಅವರು ಹಾಸಿಗೆ ಕೊಡವತೊಡಗಿದರು.

ಉತ್ತರ ಕೊಡಲು ನಮ್ಮಲ್ಲಿ ಮಾತಿರಲಿಲ್ಲ. ಮನೆಯ ಹಿರಿಯರನ್ನು ಕರೆದುಕೊಂಡು ಆ ಕಡೆಗೆ ಯಾತ್ರೆ ಹೊರಡುವ ವಾಚಕರು ಉಣ್ಣೆಯ ಬಟ್ಟೆ, ನೀರು, ಔಷಧ ಎಲ್ಲವನ್ನೂ ಮರೆಯದೆ ಕಟ್ಟಿಕೊಳ್ಳುವರು. ಅವುಗಳ ಜೊತೆಗೆ, ತಲೆ ನೋಯುತ್ತಿದ್ದರೆ ನೋಯುತ್ತಿದೆಯೆಂದು ಹೇಳುವಷ್ಟು ನಮ್ರತೆಯನ್ನೂ ಕಟ್ಟಿಕೊಂಡು ಹೋಗಲಿ. ಎಲ್ಲರ ಪಕ್ಕದಲ್ಲಿಯೂ ಹೊತ್ತು ನೋಡಿ ಕಲ್ಲಿನ ಮೇಲೆ ಕುಳಿತುಬಿಡುವವರು ಇರಲಾರರು.