ನಿಂತಲ್ಲಿ ನಿಲ್ಲುವ ಹಾರಾಟ

ಅರವತ್ತೇಳನೆಯ ವಯಸ್ಸಿನಲ್ಲಿ ನಾನು ಪುನಃ ಅಕ್ಷರಾಭ್ಯಾಸಕ್ಕೆ ಕುಳಿತಿರುವೆನೆಂದರೆ ವಾಚಕಮಹಾಶಯರು ನಗಬಹುದು. ರಿಮೋಟಿನಿಂದ ಹಾರುವ ತನ್ನ ಪುಟ್ಟ ಹೆಲಿಕಾಪ್ಟರನ್ನು ನನ್ನ ಕೈಗೆ ಕೊಡಲೊಪ್ಪದ ಮೊಮ್ಮಗನು, "ತಾತ, ಮೊದಲು ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಕಲಿಯಿರಿ; ಅಲ್ಲಿ ಬಿದ್ದರೆ ರೆಕ್ಕೆ ಮುರಿಯುವುದಿಲ್ಲ" ಎಂದನು.

ಹಾರಿಸುವುದಕ್ಕಿಂತ ನಿಲ್ಲಿಸುವುದೇ ಕಷ್ಟ. ಎಡಗೈಯ ಕಡ್ಡಿಯಿಂದ ಏರಿಳಿತವೂ ಬಾಲದ ತಿರುವೂ. ಬಲಗೈಯದರಿಂದ ಹಿಂದುಮುಂದು, ಎಡಬಲಗಳ ವಾಲಿಕೆ. ಮೇಲಿನ ರೆಕ್ಕೆ ಸುತ್ತುವಾಗ ಒಡಲು ಪ್ರತಿದಿಕ್ಕಿಗೆ ತಿರುಗಲೆಳಸುವುದು. ಬಾಲದ ಕಿರುರೆಕ್ಕೆ ಅದನ್ನು ತಡೆಯುವುದು. ಒಂದನ್ನು ಮುಟ್ಟಿದರೆ ಉಳಿದುವೆಲ್ಲ ಕೆಡುವುವು. 1939ರಲ್ಲಿ ಇಗೋರ್ ಸಿಕೋರ್ಸ್ಕಿಯು ಅಮೆರಿಕದಲ್ಲಿ ತನ್ನ ವಿ.ಎಸ್. 300 ಯಂತ್ರವನ್ನು ಮೊದಲು ಮೇಲೆತ್ತಿದಾಗ ಅದನ್ನು ನೆಲಕ್ಕೆ ಬಿಗಿದೇ ಎತ್ತಿದನು. ಇದು ನನಗೆ ತಕ್ಕಮಟ್ಟಿನ ಸಮಾಧಾನ.

ಯಂತ್ರವು ಎಡಕ್ಕೆ ಜಾರಿದೊಡನೆ ನಾನು ಕಡ್ಡಿಯನ್ನು ಬಲಕ್ಕೆ ಜಗ್ಗುವೆನು. ಅದು ಬಲಕ್ಕೆ ಧಾವಿಸಿ ಬೀಳುವುದು. "ಜಾರುವವರೆಗೆ ಕಾಯಬೇಡಿ ತಾತ. ವಾಲುವಾಗಲೇ ಕೂದಲೆಳೆಯಷ್ಟು ತಿದ್ದಿ, ಕಡ್ಡಿಯನ್ನು ನಡುವಿಗೆ ತನ್ನಿ."

ಮೂವತ್ತು ವರ್ಷ ನಾನು ಹುಡುಗರನ್ನು ತಿದ್ದಿದ ರೀತಿ ಇದಾಗಿರಲಿಲ್ಲ. ಶಬ್ದರೂಪದ ದ್ವಿವಚನದಲ್ಲಿ ತೊದಲಿದನೆಂದು ಒಬ್ಬನ ಮೇಲೆ ಬೆತ್ತವೆತ್ತಿದೆನು. ಅವನು ಮರುದಿನ ಬರಲಿಲ್ಲ, ಆಮೇಲೂ ಬರಲಿಲ್ಲ. ಮೊಮ್ಮಗನಾದರೋ ನನ್ನ ನಲವತ್ತನೆಯ ಪತನಕ್ಕೂ ಧ್ವನಿಯೇರಿಸಲಿಲ್ಲ. ಆ ಹುಡುಗನ ಹೆಸರು ನನಗೆ ನೆನಪಿದೆ, ಇಲ್ಲಿ ಬರೆಯಲಾರೆ.

ಎರಡು ತಿಂಗಳಾದುವು. ಬಾಲವು ನನ್ನ ಕಡೆಗಿದ್ದರೆ ಒಂದು ನಿಮಿಷ ನಿಲ್ಲಿಸಬಲ್ಲೆನು. ಮೂತಿ ಇತ್ತ ತಿರುಗಿತೋ, ಎಡಬಲಗಳು ಅದಲುಬದಲಾಗಿ ತೆರೆಯ ಹುಲ್ಲಿನ ಮೇಲೆ ಮಗುಚುವುದು. ನಿಜವಾದ ಯಂತ್ರವಿನ್ನೂ ಪೆಟ್ಟಿಗೆಯಲ್ಲಿದೆ. ನಾಳೆ ಸಂಜೆ ಮತ್ತೆ ಪಾಠ.