ಸೊಸೈಟಿ ಸಾಲಿನಿಂದ ಯಜಮಾನಿಯ ಖಾತೆಗೆ

ಬಿಟಿಎಂ ಲೇಔಟ್ ಎಂದರೆ ಪಿಜಿಗಳು, ಸಾಫ್ಟ್‌ವೇರ್ ಹುಡುಗರು, ಉಡುಪಿ ಗಾರ್ಡನ್ ಸಿಗ್ನಲ್ಲಿನ ಟ್ರಾಫಿಕ್ಕು ಎಂದುಕೊಂಡವರಿಗೆ ಅಲ್ಲಿನ ರೇಷನ್ ಅಂಗಡಿಯ ಸಾಲು ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ತಾವರೆಕೆರೆ, ಗುರಪ್ಪನಪಾಳ್ಯದ ಒಳಗಲ್ಲಿಗಳಲ್ಲಿ ಮನೆಗೆಲಸದವರು, ಗಾರೆ ಕೆಲಸದವರು, ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು ಮೊದಲಿನಿಂದಲೂ ಇದ್ದಾರೆ. ಅವರ ಬಾಯಲ್ಲಿ ನ್ಯಾಯಬೆಲೆ ಅಂಗಡಿ ಇವತ್ತಿಗೂ ‘ಸೊಸೈಟಿ’ಯೇ. ಸೀಮೆಎಣ್ಣೆ ಬಂದ ದಿನ ಅಲ್ಲಿ ಕ್ಯಾನುಗಳೇ ಸಾಲು ಹಿಡಿದು ಕೂತಿರುತ್ತಿದ್ದವು. ಕ್ಯಾನಿನ ಒಡತಿಯರು ಅಷ್ಟರಲ್ಲಿ ಒಂದು ಮನೆಯ ಪಾತ್ರೆ ತೊಳೆದು ಬರುತ್ತಿದ್ದರು. ಕಲ್ಲು ಆರಿಸಿ ಮುಗಿಯದ ಅಕ್ಕಿ, ತೂಕದ ಜಗಳ ಎಲ್ಲ ಮಾಮೂಲು.

2013ರ ಮೇ 13ರಂದು, ಮುಖ್ಯಮಂತ್ರಿಯಾದ ದಿನವೇ, ಸಿದ್ದರಾಮಯ್ಯ ಕಿಲೋಗೆ ಒಂದು ರೂಪಾಯಿಯ ಅಕ್ಕಿ ಘೋಷಿಸಿದರು. ಜುಲೈನಲ್ಲಿ ಅನ್ನಭಾಗ್ಯ ಶುರುವಾಯಿತು. 2015ರ ಮೇ ತಿಂಗಳಿಂದ ಆ ಒಂದು ರೂಪಾಯಿಯನ್ನೂ ಕೊಡಬೇಕಾಗಿರಲಿಲ್ಲ. ಅದೇ 2013ರಲ್ಲಿ ಸಂಸತ್ತು ಒಪ್ಪಿದ ಆಹಾರ ಭದ್ರತಾ ಕಾಯ್ದೆಯಲ್ಲಿ ಒಂದು ಕಲಮು ಇತ್ತು: ಮನೆಯಲ್ಲಿ 18 ದಾಟಿದ ಹೆಂಗಸರ ಪೈಕಿ ಹಿರಿಯಳೇ ಕಾರ್ಡಿಗೆ ಮುಖ್ಯಸ್ಥೆ. ಅಕ್ಕಿಯ ಸಡಗರದಲ್ಲಿ ಇದನ್ನು ಕೇಳಿದವರು ಕಡಿಮೆ. ಗಂಡನ ಹೆಸರು ಮೇಲಿದ್ದ ಎಷ್ಟೋ ಕಾರ್ಡುಗಳು ಹಾಗೇ ಉಳಿದವು.

ಆಮೇಲೆ ಬಂದದ್ದು ಹೆಬ್ಬೆಟ್ಟಿನ ಯಂತ್ರ. ಸುಳ್ಳು ಕಾರ್ಡು ತಡೆಯುವುದಕ್ಕೆ ಅದು ಬೇಕಿತ್ತು, ಒಪ್ಪೋಣ. ಆದರೆ ದಿನವಿಡೀ ಸೋಪಿನ ನೀರಲ್ಲಿ ಕೈಯಿಟ್ಟವರ ಬೆರಳ ಗೆರೆ ಯಂತ್ರಕ್ಕೆ ಕಾಣದು. ‘ಇನ್ನೊಂದ್ ಬೆರಳು ಇಡಮ್ಮ’ ಎನ್ನುವುದು ಮುಗಿದರೆ ‘ಸರ್ವರ್ ಇಲ್ಲ, ನಾಳೆ ಬಾಮ್ಮ’ ಎನ್ನುವುದು. ನಾಳೆ ಬರಬೇಕೆಂದರೆ ಇನ್ನೊಂದು ಹೊತ್ತಿನ ಕೆಲಸ ಬಿಡಬೇಕು.

2023ರಲ್ಲಿ ಆ ಹಳೆಯ ಕಲಮಿಗೆ ಒಮ್ಮೆಲೇ ಬೆಲೆ ಬಂತು. ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯಲ್ಲಿ ತಿಂಗಳಿಗೆ 2,000 ರೂಪಾಯಿ ಸಿಗುವುದು ಕಾರ್ಡಿನಲ್ಲಿ ಯಜಮಾನಿ ಎಂದಿರುವವಳಿಗೆ. ಜುಲೈನಲ್ಲಿ ನೋಂದಣಿ ತೆರೆದಾಗ ಬೆಂಗಳೂರು ಒನ್ ಕೇಂದ್ರಗಳ ಮುಂದೆ ಬೆಳಗಿನಿಂದಲೇ ಜನ. ಸತ್ತುಹೋದ ಅತ್ತೆಯ ಹೆಸರು ತೆಗೆಸಬೇಕಾದವರು, ಬೇರೆ ಸಂಸಾರ ಹೂಡಿದರೂ ಕಾರ್ಡು ಅತ್ತೆಯ ಬಳಿಯೇ ಉಳಿದವರು, ಆಧಾರಿನಲ್ಲೊಂದು ಕಾರ್ಡಿನಲ್ಲೊಂದು ಹೆಸರಿದ್ದವರು. ಆಗಸ್ಟ್ 30ರಂದು ಮೈಸೂರಿನಲ್ಲಿ ಯೋಜನೆಗೆ ಚಾಲನೆ ಸಿಕ್ಕ ಮೇಲೆ ಗಲ್ಲಿಯ ಕುಶಲೋಪರಿಯೇ ಬದಲಾಯಿತು: ‘ದುಡ್ಡು ಬಿತ್ತೇನಕ್ಕ?’ ಕಂತು ತಿಂಗಳುಗಟ್ಟಲೆ ತಡವಾದದ್ದೂ ಉಂಟು. ಆದರೂ ತನ್ನ ಹೆಸರಿನ ಖಾತೆಗೆ ದುಡ್ಡು ಬರುವುದು ಅನೇಕರಿಗೆ ಅದೇ ಮೊದಲು.

ಅಕ್ಕಿಯದು ಇನ್ನೊಂದು ಕಥೆ. ಅನ್ನಭಾಗ್ಯದಲ್ಲಿ ತಲೆಗೆ ಕೊಡಬೇಕಿದ್ದ ಹೆಚ್ಚುವರಿ ಐದು ಕಿಲೋಗೆ ಬೇಕಾದ ಅಕ್ಕಿಯನ್ನು ಭಾರತೀಯ ಆಹಾರ ನಿಗಮ ಮಾರಲಿಲ್ಲ. ಹಾಗಾಗಿ ಅದೇ ಜುಲೈನಿಂದ ಸರ್ಕಾರ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕತೊಡಗಿತು. ತಾವರೆಕೆರೆಯ ಅಂಗಡಿಗಳಲ್ಲಿ 34 ರೂಪಾಯಿಗೆ ಸೋನಾ ಮಸೂರಿ ಯಾರೂ ಕೊಡುತ್ತಿರಲಿಲ್ಲ. 2025ರ ಫೆಬ್ರವರಿಯಲ್ಲಿ ದುಡ್ಡಿನ ಬದಲು ಅಕ್ಕಿ ಕೊಡುವ ತೀರ್ಮಾನವಾದಾಗ ಹೆಂಗಸರು ಬೇಸರಪಡಲಿಲ್ಲ.

ಇವೆಲ್ಲಕ್ಕಿಂತ ಸಲೀಸಾಗಿ ಕೈಗೆ ಸಿಕ್ಕಿದ್ದು ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾಗಿಸಿದ ಶಕ್ತಿ ಯೋಜನೆ. 2023ರ ಜೂನ್ 11ರಂದು ಅದು ಆರಂಭವಾದಾಗ ಸಾರಿಗೆ ಸಚಿವರು ಇದೇ ಬಿಟಿಎಂ ಲೇಔಟ್ ಕ್ಷೇತ್ರದ ಶಾಸಕ ರಾಮಲಿಂಗಾ ರೆಡ್ಡಿ. ರೇಷನ್ ಕಾರ್ಡು ಬೇಡ, ಖಾತೆ ಬೇಡ, ಯಜಮಾನಿಯೇ ಆಗಿರಬೇಕೆಂದಿಲ್ಲ. ಆಧಾರ್ ತೋರಿಸಿದರೆ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದುಕೊಡುತ್ತಾರೆ. ಎಸಿ ಬಸ್ಸಿಗೆ ಮಾತ್ರ ಇದಿಲ್ಲ. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಹಳದಿ ಮಾರ್ಗದ ಮೆಟ್ರೋದಲ್ಲಿ ಬಿಟಿಎಂ ಲೇಔಟಿಗೂ ನಿಲ್ದಾಣ ಸಿಕ್ಕಿತು. ಅಲ್ಲೂ ಶಕ್ತಿ ನಡೆಯದು, ಮನೆಗೆಲಸದ ಹೆಂಗಸರು ಕೆಳಗೆ ಬಸ್ಸಿಗೇ ಕಾಯುತ್ತಾರೆ.

ಗೃಹಜ್ಯೋತಿಯ ಕಥೆ ಬಾಡಿಗೆದಾರರ ಈ ಬಡಾವಣೆಯಲ್ಲಿ ಅಷ್ಟು ಸಲೀಸಲ್ಲ. 200 ಯೂನಿಟ್ ಒಳಗಿನ ಉಚಿತ ಕರೆಂಟು ಮೀಟರಿನ ಆರ್‌ಆರ್ ಸಂಖ್ಯೆಗೆ ಅಂಟಿಕೊಂಡಿದೆ. ಒಂದೇ ಮೀಟರಿನ ಕೆಳಗೆ ಮೂರು ನಾಲ್ಕು ಸಂಸಾರಗಳನ್ನು ಇಟ್ಟ ಕಡೆ ಯೂನಿಟ್ ಮಿತಿ ದಾಟುತ್ತದೆ, ಇಡೀ ಬಿಲ್ಲು ಕಟ್ಟಬೇಕಾಗುತ್ತದೆ. ಬಾಡಿಗೆದಾರರೂ ಅರ್ಜಿ ಹಾಕಬಹುದು, ಆದರೆ ಆ ಮನೆಯಲ್ಲಿರುವುದಕ್ಕೆ ಕಾಗದದ ಪುರಾವೆ ಬೇಕು. ಕರಾರು ಪತ್ರ ಬರೆದುಕೊಡಲು ಎಷ್ಟೋ ಮಾಲೀಕರು ಒಪ್ಪುವುದಿಲ್ಲ. ಬಿಟಿಎಂನ ಮನೆ ಮಾಲೀಕರಲ್ಲಿ ಕೇಳುವುದಿಷ್ಟೆ: ಸಂಸಾರಕ್ಕೊಂದು ಮೀಟರು ಹಾಕಿಸಿ, ಬಾಡಿಗೆಗೊಂದು ಕರಾರು ಬರೆದುಕೊಡಿ.