ಮಳೆ ಹಿಡಿದಾಗ ಗುಹೆಗೆ ಹೋಗಬೇಕು

ಎಲ್ಲೋರಕ್ಕೆ ಯಾವಾಗ ಹೋಗಬೇಕೆಂದು ಯಾರನ್ನೇ ಕೇಳಿ, ನವೆಂಬರಿನಿಂದ ಫೆಬ್ರುವರಿಯ ಒಳಗೆ ಎನ್ನುತ್ತಾರೆ. ಬಿಸಿಲಿನ ಕಾಟವಿಲ್ಲ, ಮೆಟ್ಟಿಲು ಜಾರುವುದಿಲ್ಲ, ಫೋಟೊ ಚೆನ್ನಾಗಿ ಬರುತ್ತವೆ. ನಾನಿದನ್ನು ಒಪ್ಪುವುದಿಲ್ಲ. ನಾಸಿಕದ ತ್ರಿರಶ್ಮಿ ಬೆಟ್ಟವಾಗಲಿ, ತ್ರ್ಯಂಬಕದ ಬ್ರಹ್ಮಗಿರಿಯಾಗಲಿ, ಎಲ್ಲೋರದ ಬಂಡೆಸಾಲಾಗಲಿ, ನೋಡಬೇಕಾದದ್ದು ಆಷಾಢ ಶ್ರಾವಣದ ಜಡಿಮಳೆಯಲ್ಲಿ. ಬೇಸಗೆಯಲ್ಲಿ ಬೂದಿಬಣ್ಣಕ್ಕೆ ತಿರುಗಿ ಸುಮ್ಮನೆ ಬಿದ್ದಿರುವ ಕಲ್ಲು ನೀರು ಕುಡಿದ ಮೇಲೆ ಕಾಡಿಗೆಗಪ್ಪಾಗುತ್ತದೆ, ಉಳಿಯ ಒಂದೊಂದು ಗೀರೂ ಎದ್ದು ಬರುತ್ತದೆ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಇಲ್ಲಿಯ ಬೌದ್ಧ ಗುಹೆಗಳಲ್ಲಿ ಹೆಚ್ಚಿನವನ್ನು ಕೊರೆದದ್ದೇ ಮಳೆಗಾಲದಲ್ಲಿ ಭಿಕ್ಷುಗಳು ಕೂರುವುದಕ್ಕೆ.

ನಾನು ಗುಳೇದಗುಡ್ಡದ ನೇಕಾರರ ಮನೆಯಿಂದ ಪುಣೆಗೆ ಎಂ.ಕಾಂ. ಓದಲು ಬಂದವಳು. ವಾರವೆಲ್ಲ ಲೆಕ್ಕಪತ್ರ, ಆಡಿಟಿಂಗ್. ಶುಕ್ರವಾರ ರಾತ್ರಿ ಬಂತೆಂದರೆ ಹಾಸ್ಟೆಲಿನ ಗೆಳತಿಯೊಬ್ಬಳ ಜೊತೆ ಮಹಾರಾಷ್ಟ್ರದ ಕೆಂಪು ಎಸ್‌ಟಿ ಬಸ್ಸು ಹಿಡಿಯುತ್ತೇನೆ. ಇಲ್ಲಿಯ ಜನ ಅದನ್ನು ಲಾಲ್‌ಪರಿ ಎಂದು ಪ್ರೀತಿಯಿಂದ ಕರೆಯುತ್ತಾರೆ. 2023ರಿಂದ ಹೆಂಗಸರಿಗೆ ಅದರಲ್ಲಿ ಅರ್ಧ ಟಿಕೆಟ್. ವಿದ್ಯಾರ್ಥಿನಿಯ ಕೈಯಲ್ಲಿ ಉಳಿಯುವ ದುಡ್ಡಿಗೆ ಇಷ್ಟು ದೊಡ್ಡ ನಾಡು ಸಿಗುವುದು ಆ ಅರ್ಧ ಟಿಕೆಟ್ಟಿನಿಂದಲೇ. ನಾರಾಯಣಗಾಂವ್, ಸಂಗಮನೇರ್, ಸಿನ್ನರ್ ದಾಟಿ ನಾಸಿಕ ಮುಟ್ಟುವ ಹೊತ್ತಿಗೆ ಕಿಟಕಿಯ ಸಂದಿಯಿಂದ ಎರಚಲು ಬಡಿದು ಒಂದು ತೋಳು ಪೂರ್ತಿ ತೊಯ್ದಿರುತ್ತದೆ.

ಶನಿವಾರದ ಬೆಳಗು ತ್ರಿರಶ್ಮಿಗೆ ಮೀಸಲು. ಊರಿನವರ ಬಾಯಲ್ಲಿ ಅದು ಪಾಂಡವಲೇಣಿ. ಪಾಂಡವರಿಗೂ ಇದಕ್ಕೂ ಸಂಬಂಧವಿಲ್ಲ, ಇವು ಎರಡು ಸಾವಿರ ವರ್ಷದಷ್ಟು ಹಳೆಯ ಬೌದ್ಧ ಗುಹೆಗಳು, ಒಟ್ಟು 24. ಮುಂಬಯಿ ಹೆದ್ದಾರಿಯ ಪಕ್ಕದ ಗುಡ್ಡ, ಬೆಳಿಗ್ಗೆ ಕೊಡೆ ಹಿಡಿದು ವಾಕಿಂಗ್ ಬರುವ ಹಿರಿಯರೇ ಹೆಚ್ಚು. ಮೂರನೆಯ ಗುಹೆಯಲ್ಲಿ ಗೌತಮಿ ಬಲಶ್ರೀ ತನ್ನ ಮಗ ಗೌತಮೀಪುತ್ರ ಶಾತಕರ್ಣಿಯ ಹಿರಿಮೆಯನ್ನು ಬ್ರಾಹ್ಮಿ ಲಿಪಿಯಲ್ಲಿ ಕೆತ್ತಿಸಿದ್ದಾಳೆ. ಅಪ್ಪನ ಬದಲು ಅಮ್ಮನ ಹೆಸರನ್ನು ಹೊತ್ತ ರಾಜ, ಮಗನಿಗಾಗಿ ಕಲ್ಲನ್ನು ಮಾತಾಡಿಸಿದ ತಾಯಿ. ಎಲ್ಲರೂ ಅಲ್ಲಿ ನಿಲ್ಲುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಹತ್ತನೆಯ ಗುಹೆ.

ಕ್ಷಹರಾತ ಮನೆತನದ ದೊರೆ ನಹಪಾನನ ಅಳಿಯ ಉಷವದಾತ ಅಲ್ಲಿ ಬರೆಸಿದ ಶಾಸನ ಒಂದು ಠೇವಣಿಪತ್ರವೇ ಸರಿ. ಗೋವರ್ಧನದ, ಎಂದರೆ ಇಂದಿನ ನಾಸಿಕದ ಮಗ್ಗುಲಿನ, ನೇಕಾರರ ಒಂದು ಶ್ರೇಣಿಯ (ಸಂಘದ) ಬಳಿ ಆತ 2000 ಕಾರ್ಷಾಪಣ ನಾಣ್ಯ ಇಟ್ಟ, ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ. ಇನ್ನೊಂದು ನೇಕಾರ ಶ್ರೇಣಿಯ ಬಳಿ 1000, ನೂರಕ್ಕೆ ಮುಕ್ಕಾಲರಂತೆ. ಅಸಲನ್ನು ಮುಟ್ಟುವ ಹಾಗಿಲ್ಲ, ಬಡ್ಡಿ ಮಾತ್ರ ಬಳಕೆಗೆ. ಮಳೆಗಾಲದ ವಾಸಕ್ಕೆ ಈ ಗುಹೆಯಲ್ಲಿ ನಿಲ್ಲುವ ಇಪ್ಪತ್ತು ಭಿಕ್ಷುಗಳಿಗೆ ತಲಾ 12 ಕಾರ್ಷಾಪಣದ ಚೀವರ, ಉಡುವ ಬಟ್ಟೆ. ಲೆಕ್ಕ ಹಾಕಿ ನೋಡಿ: ಎರಡು ಸಾವಿರಕ್ಕೆ ತಿಂಗಳಿಗೆ ಇಪ್ಪತ್ತು, ವರ್ಷಕ್ಕೆ 240. ಇಪ್ಪತ್ತು ಹನ್ನೆರಡಲಿ 240. ಒಂದು ಕಾಸೂ ಹೆಚ್ಚಿಲ್ಲ, ಒಂದು ಕಾಸೂ ಕಡಿಮೆಯಿಲ್ಲ. ದೊರೆಯ ಅಳಿಯ ದುಡ್ಡಿಡಲು ಹುಡುಕಿದ್ದು ನೇಕಾರರನ್ನು. ಅವರ ಮಾತು, ಅವರ ಸಂಘ ಅಷ್ಟು ಗಟ್ಟಿಯಾಗಿತ್ತು. ಮಗ್ಗದ ಮನೆಗಳು ಬ್ಯಾಂಕಿನ ಸಾಲಕ್ಕೆ ಅಲೆಯುವುದನ್ನು ಕಂಡು ಬೆಳೆದ ನನಗೆ ಆ ಬಂಡೆಯ ಮುಂದೆ ನಿಂತರೆ ಎದೆ ತುಂಬಿ ಬರುತ್ತದೆ. ಹೊರಗೆ ಮಳೆ ಸುರಿಯುತ್ತಿರುತ್ತದೆ, ಒಳಗೆ ಕಲ್ಲಿನ ಮಂಚಗಳು ಒಣಗಿ ಬೆಚ್ಚಗಿರುತ್ತವೆ. ಆ ಇಪ್ಪತ್ತು ಜನ ಇಂಥದೇ ದಿನಗಳಲ್ಲಿ ಇಲ್ಲಿ ಕೂತಿದ್ದರು ಎಂಬುದನ್ನು ತಿಳಿಯಲು ಬೇರೆ ಕಾಲದಲ್ಲಿ ಬಂದರೆ ಆಗುವುದಿಲ್ಲ.

ಕೆಳಗಿಳಿದು ಒಂದು ಪ್ಲೇಟು ಖಾರದ ಮಿಸಳ್ ತಿಂದು ಪಂಚವಟಿಗೆ. ರಾಮಕುಂಡದಲ್ಲಿ ಗೋದಾವರಿ ಕೆಂಪಾಗಿ ಉಕ್ಕುತ್ತಿದ್ದರೆ ದಂಡೆಯ ಸಣ್ಣ ಗುಡಿಗಳು ಅರ್ಧ ಮುಳುಗಿರುತ್ತವೆ. ಕಪ್ಪುಕಲ್ಲಿನ ಕಾಳಾರಾಮ ಮಂದಿರದ ಬಾಗಿಲಲ್ಲಿ ನಾನು ದೇವರಿಗಿಂತ ಮೊದಲು 1930ರ ಮಾರ್ಚ್ 2ನ್ನು ನೆನೆಯುತ್ತೇನೆ. ಒಳಗೆ ಹೋಗುವ ಹಕ್ಕಿಗಾಗಿ ಅಂಬೇಡ್ಕರರ ಮುಂದಾಳತ್ವದಲ್ಲಿ ಜನ ಇದೇ ಬಾಗಿಲ ಮುಂದೆ ಸತ್ಯಾಗ್ರಹ ಹೂಡಿದರು. ಆ ಹೊಸ್ತಿಲನ್ನು ಯಾರೂ ಹಗುರಾಗಿ ದಾಟಬಾರದು. ಅಲ್ಲಿಯ ಗಲ್ಲಿಯೊಂದರಲ್ಲಿ ದೇವಿಗೆ ಉಡಿ ತುಂಬುವ ಸಾಮಾನಿನ ಅಂಗಡಿ. ತೆಂಗಿನಕಾಯಿ, ಬಳೆ, ಅರಿಸಿನ ಕುಂಕುಮದ ನಡುವೆ ಮಡಿಸಿಟ್ಟ ಖಣ, ಕುಪ್ಪಸದ ಬಟ್ಟೆ. ಎಲ್ಲಿಂದ ಬರುತ್ತದೆ ಮಾವಶಿ ಎಂದು ಅಂಗಡಿಯಾಕೆಯನ್ನು ಮರಾಠಿಯಲ್ಲಿ ಕೇಳಿದೆ. “ಕರ್ನಾಟಕದ್ದು ಬಾಳಾ, ಗುಳೇದಗುಡ್ಡದ್ದು,” ಎಂದರು. ನಮ್ಮೂರದು ಎಂದಾಗ ಒಂದು ಖಣ ಬಿಚ್ಚಿ ಬೆಳಕಿಗೆ ಹಿಡಿದು ಅಂಚನ್ನು ನನಗೇ ತೋರಿಸಿ ಹೊಗಳಿದರು.

ತ್ರ್ಯಂಬಕೇಶ್ವರ ಅಲ್ಲಿಂದ ಸುಮಾರು 30 ಕಿಲೊಮೀಟರ್. ದಾರಿಯಲ್ಲಿ ಅಂಜನೇರಿ ಬೆಟ್ಟ. ಹನುಮ ಹುಟ್ಟಿದ್ದು ಇಲ್ಲೇ ಎಂದು ನಾಸಿಕದವರು, ಆನೆಗೊಂದಿಯ ಅಂಜನಾದ್ರಿಯಲ್ಲಿ ಎಂದು ನಾವು. ಎರಡೂ ಬೆಟ್ಟಗಳಲ್ಲಿ ತಾಯಿ ಅಂಜನಿಯ ಹೆಸರು ಉಳಿದಿದೆಯಲ್ಲ, ನನಗೆ ಅಷ್ಟು ಸಾಕು. ಪೇಶ್ವೆ ನಾನಾಸಾಹೇಬ ಕಟ್ಟಿಸಿದ ತ್ರ್ಯಂಬಕದ ಗುಡಿಯಲ್ಲಿ ಶ್ರಾವಣದ ಸಾಲು ಗಂಟೆಗಟ್ಟಲೆ. ಗರ್ಭಗುಡಿಯಲ್ಲಿ ಮೇಲೆದ್ದ ಲಿಂಗವಿಲ್ಲ, ಒಂದು ಕುಳಿಯೊಳಗೆ ಹೆಬ್ಬೆರಳಿನಷ್ಟು ಮೂರು ಲಿಂಗಗಳು, ಬ್ರಹ್ಮ ವಿಷ್ಣು ಮಹೇಶ್ವರ. ದರ್ಶನ ಮುಗಿಸಿ ಬ್ರಹ್ಮಗಿರಿಯ ಮೇಲಿನ ಗಂಗಾದ್ವಾರದ ಮೆಟ್ಟಿಲು ಹತ್ತಿದರೆ ಅರ್ಧ ದಾರಿಗೆ ಮೋಡ ಎದುರು ಬಂದು ಮುಂದಿನವರ ಬೆನ್ನೂ ಕಾಣದು. ಲಿಂಬು ಶರಬತ್ತಿನ ಅಜ್ಜಿಯರು ಪ್ಲಾಸ್ಟಿಕ್ ಹೊದ್ದು ಕೂತಿರುತ್ತಾರೆ. ಬಂಡೆಗೋಡೆಯ ಬುಡದಲ್ಲಿ ಗೋದಾವರಿ ಒಂದು ಸಣ್ಣ ಧಾರೆ. ಅರಬ್ಬಿ ಸಮುದ್ರ ಪಶ್ಚಿಮಕ್ಕೆ ಎಂಬತ್ತು ಕಿಲೊಮೀಟರಿನಷ್ಟು ಹತ್ತಿರ. ಈ ನೀರು ಮಾತ್ರ ಪೂರ್ವಕ್ಕೆ ತಿರುಗಿ 1465 ಕಿಲೊಮೀಟರ್ ಹರಿದು ಬಂಗಾಳ ಕೊಲ್ಲಿ ಸೇರುತ್ತದೆ. ಕಾವೇರಿಯಿಂದ ಇದೇ ಹೊಳೆಯವರೆಗೆ ಕನ್ನಡ ನಾಡು ಹಬ್ಬಿದೆಯೆಂದು ಕವಿರಾಜಮಾರ್ಗ ಹೇಳಿದ್ದನ್ನು ಶಾಲೆಯಲ್ಲಿ ಓದಿದ್ದೆ. ಆ ಗಡಿಯ ಹುಟ್ಟನ್ನು ಬೊಗಸೆಯಲ್ಲಿ ಹಿಡಿದಾಗ ಕೈ ಚುಮುಗುಟ್ಟುವಷ್ಟು ತಣ್ಣಗಿತ್ತು.

ಸಂಜೆಯ ಬಸ್ಸು ಯೇವಲಾ, ವೈಜಾಪುರದ ಮೇಲೆ ಛತ್ರಪತಿ ಸಂಭಾಜಿನಗರಕ್ಕೆ. ಯೇವಲಾ ಪೈಠಣಿ ಸೀರೆಯ ಊರು. ಬಸ್ಸು ನಿಂತಾಗ ಕಿವಿಗೊಟ್ಟು ಕೂರುತ್ತೇನೆ, ಮಗ್ಗದ ಸದ್ದೇನಾದರೂ ಕೇಳೀತೇ ಎಂದು. ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಕೇಳುವುದಿಲ್ಲ.

ಭಾನುವಾರ ಪೂರ್ತಿ ವೇರೂಳಕ್ಕೆ, ಇಲ್ಲಿಯವರು ಎಲ್ಲೋರವನ್ನು ಕರೆಯುವುದು ಹಾಗೆ. ಗುಹೆಗಳು 34: ಹನ್ನೆರಡು ಬೌದ್ಧ, ಹದಿನೇಳು ಹಿಂದೂ, ಐದು ಜೈನ. ನನ್ನದೊಂದು ಹಟವಿದೆ, ಹದಿನಾರನೆಯದಾದ ಕೈಲಾಸವನ್ನು ಮೊದಲು ಮೇಲಿನಿಂದ ನೋಡಬೇಕು. ಪಕ್ಕದ ಕಾಲುದಾರಿ ಹಿಡಿದು ಗುಡ್ಡ ಹತ್ತಿದರೆ ಹುಲ್ಲು ಮೊಣಕಾಲವರೆಗೆ. ಅಂಚಿಗೆ ಬಂದು ಬಗ್ಗಿದರೆ ನೂರು ಅಡಿಗೂ ಆಳದ ಹೊಂಡ, ಅದರ ನಡುವೆ ಶಿಖರ, ನಂದಿಮಂಟಪ, ಎರಡು ಕಂಬ, ಎರಡು ಆನೆ. ಮೊದಲ ಸಲ ಗೆಳತಿ ನನ್ನ ಕೈ ಗಟ್ಟಿಯಾಗಿ ಹಿಡಿದು, “ಯವ್ವಾ, ಇದು ನಮ್ಮ ಪಟ್ಟದಕಲ್ಲಿನ ವಿರೂಪಾಕ್ಷನ ಗುಡೀನs ಅಲ್ಲೇನ!” ಎಂದಳು. ಅವಳು ಹುಬ್ಬಳ್ಳಿಯವಳು, ಶಿಲ್ಪಶಾಸ್ತ್ರ ಓದಿದವಳಲ್ಲ. ವಿದ್ವಾಂಸರು ಹೇಳುವುದೂ ಅದನ್ನೇ. ಕಂಚಿಯ ಮೇಲೆ ಎರಡನೆಯ ವಿಕ್ರಮಾದಿತ್ಯ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಮಲಪ್ರಭೆಯ ದಂಡೆಯಲ್ಲಿ ಆ ಗುಡಿ ಕಟ್ಟಿಸಿದ್ದು 740ರ ಸುಮಾರಿಗೆ. ಒಂದು ತಲೆಮಾರು ಕಳೆಯುವಷ್ಟರಲ್ಲಿ ಚಾಲುಕ್ಯರು ಹೋಗಿ ರಾಷ್ಟ್ರಕೂಟರು ಬಂದಿದ್ದರು. ಒಂದನೆಯ ಕೃಷ್ಣನ ಕಾಲದಲ್ಲಿ ಅದೇ ಕಲ್ಪನೆ ಗೋದಾವರಿಯನ್ನೂ ದಾಟಿ ಬಂದು ಈ ಬಂಡೆಯಲ್ಲಿ ಇಳಿಯಿತು.

ಪಟ್ಟದಕಲ್ಲಿನಲ್ಲಿ ಕೆಂಪು ಮರಳುಗಲ್ಲು, ದಿಮ್ಮಿಯ ಮೇಲೆ ದಿಮ್ಮಿ ಇಟ್ಟು ಮೇಲೇರಿದ ಗುಡಿ. ಇಲ್ಲಿ ಆರೂವರೆ ಕೋಟಿ ವರ್ಷದ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ಕಪ್ಪು ಬಸಾಲ್ಟು, ಮೇಲಿನಿಂದ ಕೆಳಗೆ ತೆಗೆಯುತ್ತಾ ಹೋದ ಗುಡಿ. ಮಗ್ಗದಲ್ಲಿ ಎಳೆ ತಪ್ಪಿದರೆ ನಮ್ಮಪ್ಪ ಬಿಚ್ಚಿ ಮತ್ತೆ ನೇಯುತ್ತಾರೆ. ಇಲ್ಲಿ ಒಂದು ಉಳಿಯೇಟು ಹೆಚ್ಚಾದರೆ ಹೋದ ಕಲ್ಲು ಹೋಯಿತು. ಶಿಖರ ಕೆತ್ತುವಾಗಲೇ ನೂರು ಅಡಿ ಕೆಳಗಿನ ಆನೆಗಳ ಸಾಲಿಗೆ ಎಷ್ಟು ಕಲ್ಲು ಉಳಿಸಬೇಕೆಂದು ಯಾರದೋ ತಲೆಯಲ್ಲಿ ಇತ್ತು. ಈ ಗುಡಿ ಮಾಡಿದವನೇ ಇದನ್ನು ತಾನು ಮಾಡಿದ್ದಾದರೂ ಹೇಗೆಂದು ಬೆರಗಾದನಂತೆ, ಬರೋಡದಲ್ಲಿ ಸಿಕ್ಕ ರಾಷ್ಟ್ರಕೂಟ ಕರ್ಕನ ತಾಮ್ರಪಟ ಹಾಗೆ ಹೇಳುತ್ತದೆ. ಮರಾಠಿ ಕಥೆಯೊಂದರಲ್ಲಿ ರಾಣಿ ಗುಡಿಯ ಕಳಸ ಕಾಣುವವರೆಗೆ ಊಟ ಮಾಡುವುದಿಲ್ಲ ಎಂದು ಹರಕೆ ಹೊರುತ್ತಾಳೆ. ಪೈಠಣದ ಕೋಕಸನೆಂಬ ಶಿಲ್ಪಿ ಕಳಸದಿಂದಲೇ ಕೆಲಸ ಶುರುಮಾಡಿ ಅವಳ ಉಪವಾಸ ಬಿಡಿಸುತ್ತಾನೆ. ವಿರೂಪಾಕ್ಷ ಗುಡಿಯ ಸೂತ್ರಧಾರಿ ಅನಿವಾರಿತಾಚಾರಿ ಗುಂಡನ ಹೆಸರು ಕನ್ನಡ ಶಾಸನದಲ್ಲಿ ಉಳಿದಿದೆ. ಕೈಲಾಸದ ಶಿಲ್ಪಿಗೆ ಆ ಭಾಗ್ಯ ಸಿಗಲಿಲ್ಲ ಎಂಬುದು ನನಗೆ ಇಂದಿಗೂ ನೋವು.

ಮಳೆಯಲ್ಲಿ ಕೆಳಗಿಳಿದು ಒಳಗೆ ಬಂದರೆ ಮೂರು ಕಡೆಯ ಗೋಡೆಗಳಿಂದಲೂ ನೀರು ಹರಿಯುತ್ತಿರುತ್ತದೆ. ದಕ್ಷಿಣದ ಬದಿಯಲ್ಲಿ ರಾವಣ ಇಪ್ಪತ್ತು ತೋಳು ಕೊಟ್ಟು ಬೆಟ್ಟವನ್ನು ಅಲುಗಿಸುತ್ತಾನೆ, ಮೇಲೆ ಪಾರ್ವತಿ ಹೆದರಿ ಶಿವನ ತೋಳು ಹಿಡಿದಿದ್ದಾಳೆ, ಸಖಿಯೊಬ್ಬಳು ಓಡುತ್ತಿದ್ದಾಳೆ. ಶಿವ ಕಾಲ ಬೆರಳೊಂದನ್ನು ಒತ್ತುತ್ತಾನೆ, ಅಷ್ಟೇ. ಐದನೆಯ ಗುಹೆ ಬೌದ್ಧರದು, ಅದರ ಉದ್ದಕ್ಕೂ ಎರಡು ತಗ್ಗು ಕಲ್ಲಿನ ಹಲಗೆಗಳಿವೆ. ಅಲ್ಲಿ ಕೂತರೆ ತ್ರಿರಶ್ಮಿಯ ಭಿಕ್ಷುಗಳ ಬಳಗ ಇಲ್ಲಿಗೂ ಬಂದಂತಿರುತ್ತದೆ. ಇಪ್ಪತ್ತೊಂಬತ್ತನೆಯ ಗುಹೆಯ ಮಗ್ಗುಲಲ್ಲಿ ಜಲಪಾತ ಧುಮ್ಮಿಕ್ಕುತ್ತದೆ, ಸದ್ದಿಗೆ ಮಾತು ಕೇಳಿಸದು. ನೀರು ಹೆಚ್ಚಾದಾಗ ಕಾವಲಿನವರು ಬಿಡುವುದಿಲ್ಲ, ಅವರ ಮಾತು ಕೇಳಬೇಕು. ಜೈನ ಗುಹೆಗಳಿಗೆ ಹೋಗುವವರು ಕಡಿಮೆ. ಅಲ್ಲಿ ಜಗನ್ನಾಥ ಸಭೆ ಎಂಬ ಗುಹೆಯ ಕಂಬಗಳ ಮೇಲೆ ಹಳಗನ್ನಡದ ಸಣ್ಣ ಬರಹಗಳಿವೆ. ಸವೆದಿವೆ, ನನಗೆ ಓದಲು ಬರುವುದಿಲ್ಲ. ಅಕ್ಷರದ ಗುಂಡನೆಯ ತಿರುವು ಮಾತ್ರ ನಮ್ಮದೆಂದು ಗೊತ್ತಾಗುತ್ತದೆ.

ಘೃಷ್ಣೇಶ್ವರ ಹತ್ತಿರದಲ್ಲೇ ಇದೆ, ಅಹಲ್ಯಾಬಾಯಿ ಹೋಳ್ಕರ್ ಮತ್ತೆ ಕಟ್ಟಿಸಿದ ಗುಡಿ. ದೇವಗಿರಿ ಕೋಟೆಗೆ ಒಂದು ಇಡೀ ದಿನ ಬೇಕು, ಓಡುತ್ತ ನೋಡಬೇಡಿ. ಎಲ್ಲೋರ ಮಂಗಳವಾರ ಮುಚ್ಚಿರುತ್ತದೆ ಎಂಬುದನ್ನೂ ನೆನಪಿಡಿ. ನಾವಿನ್ನು ಹೋಗಬೇಕಾದದ್ದು ಸಂಭಾಜಿನಗರದ ದಕ್ಷಿಣಕ್ಕಿರುವ ಪೈಠಣಕ್ಕೆ. ಕೋಕಸನ ಊರು, ಸಂತ ಏಕನಾಥರ ಊರು, ಪೈಠಣಿಗೆ ಹೆಸರು ಕೊಟ್ಟ ಊರು. ಗಂಗಾದ್ವಾರದಲ್ಲಿ ಬೊಗಸೆಗೆ ಸಿಕ್ಕ ನೀರು ಅಲ್ಲಿ ಜಾಯಕವಾಡಿ ಅಣೆಕಟ್ಟು ತುಂಬುವಷ್ಟಾಗಿರುತ್ತದೆ. ಈ ಶ್ರಾವಣ ಮುಗಿಯುವುದರೊಳಗೆ ಹೊರಡುತ್ತೇವೆ, ಅಪ್ಪನನ್ನೂ ಊರಿಂದ ಕರೆಸಿಕೊಂಡು.